ಅಪ್‌ಡೇಟ್: ಇ-ಟೈಪ್ ಹಿಂದಿನ ಬ್ರೇಕ್ ಕೆಲಸ ಮುಗೀತು

ನನ್ನ 1966ರ ಜಾಗ್ವಾರ್ ಇ-ಟೈಪ್‌ನ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ, ಕಾರಿನ ಕೆಳಗೆ ಮಲಗಿಕೊಂಡೇ ರಿಪೇರಿ ಮಾಡಬಹುದಾ ಅಂತ ಕೇಳಿದ್ದೆ. "ಸುಮ್ನೆ ಒದ್ದಾಡಬೇಡಿ, ಕೇಜ್ ಪೂರ್ತಿ ಇಳಿಸಿ" ಅಂದವರಿಗೆ ದೊಡ್ಡ ನಮಸ್ಕಾರ. (ಕೇಜ್ ಅಂದರೆ ಹಿಂದಿನ ಸಸ್ಪೆನ್ಷನ್, ಬ್ರೇಕ್ ಎಲ್ಲ ಹೊತ್ತಿರೋ ಚೌಕಟ್ಟು.)

ಈ ಕಾರಲ್ಲಿ ಹಿಂದಿನ ಬ್ರೇಕ್ ಡಿಸ್ಕ್ ಚಕ್ರದ ಹತ್ತಿರ ಇರೋದಿಲ್ಲ, ನಡುವೆ ಇರೋ ಡಿಫರೆನ್ಷಿಯಲ್‌ಗೆ (ಎರಡೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಅಂಟಿಕೊಂಡಿರುತ್ತೆ. ಚಕ್ರದ ಕಡೆ ತೂಕ ಕಡಿಮೆಯಾಗಲಿ ಅನ್ನೋ ಲೆಕ್ಕಾಚಾರ. ಓಡಿಸೋಕೆ ಚೆನ್ನ, ಬಿಚ್ಚೋನಿಗೆ ಶಿಕ್ಷೆ. ಡಿಸ್ಕ್‌ನ ಬಿಸಿಗೆ ಡಿಫರೆನ್ಷಿಯಲ್‌ನ ಆಯಿಲ್ ಸೀಲ್ ಗಟ್ಟಿಯಾಗಿ, ಎಣ್ಣೆ ಸೋರಿ, ಬ್ರೇಕ್ ಪ್ಯಾಡ್ ನೆನೆದು ಹೋಗಿತ್ತು. ಅಸಲಿ ರೋಗ ಅಲ್ಲೇ ಇತ್ತು. ಹಾಗಾಗಿ ಮೊದಲು ಎರಡೂ ಕಡೆ ಸೀಲ್ ಬದಲಾಯಿಸಿದೆ. ಹೊಸ ಪ್ಯಾಡ್ ಆಮೇಲೆ.

ಡನ್‌ಲಪ್ ಕಂಪನಿಯ ಕ್ಯಾಲಿಪರ್‌ನಲ್ಲಿ (ಪ್ಯಾಡನ್ನು ಡಿಸ್ಕ್‌ಗೆ ಒತ್ತೋ ಭಾಗ) ಸಿಲಿಂಡರ್‌ಗಳು ಬೋಲ್ಟ್ ಬಿಚ್ಚಿದರೆ ಬೇರೆಯಾಗಿ ಬರುತ್ತವೆ. ಒಳಗೆ ತುಕ್ಕು ತಿಂದಿದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ (ಒಳಕೊಳವೆ) ಹಾಕಿಸಿದೆ. ಡಿಸ್ಕ್ ಮತ್ತು ಹಾಫ್ ಶಾಫ್ಟ್ (ಚಕ್ರಕ್ಕೆ ಹೋಗೋ ದಂಡ) ನಡುವೆ ಶಿಮ್ ಅನ್ನೋ ತೆಳು ಲೋಹದ ಬಿಲ್ಲೆಗಳಿರುತ್ತವೆ, ಚಕ್ರದ ಓರೆ ಇವುಗಳ ಮೇಲೇ ನಿಂತಿದೆ. ಎಡಗಡೆಯವು ಬಲಗಡೆಗೆ ಸೇರದಂತೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಕ್ಯಾಲಿಪರ್ ಬೋಲ್ಟ್‌ಗೆ ಲಾಕ್‌ವೈರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯೋ ತಂತಿ) ಸುತ್ತೋದು ಬೇಜಾರಿನ ಕೆಲಸ, ಆದರೆ ಬಿಡೋ ಹಾಗಿಲ್ಲ.

ಹ್ಯಾಂಡ್‌ಬ್ರೇಕ್‌ಗೆ ಬೇರೆಯದೇ ಪುಟ್ಟ ಕ್ಯಾಲಿಪರ್ ಇದೆ. ಜೋಡಿಸಿದ ಮೇಲೆ ಲಿವರ್ ಎಳೆದೆಳೆದು ಬಿಟ್ಟರೆ ಕಟಕಟ ಸದ್ದು ಬರುತ್ತೆ. ಸದ್ದು ನಿಂತರೆ ಹೊಂದಿಕೊಂಡಿದೆ ಅಂತ ಅರ್ಥ.

ಈಗ ಪೆಡಲ್ ಗಟ್ಟಿಯಾಗಿದೆ, ಬ್ರೇಕ್ ಹಾಕಿದರೆ ಕಾರು ನೇರ ನಿಲ್ಲುತ್ತೆ. ಎಗ್ಸಾಸ್ಟ್ ಮಾತ್ರ ಎಲ್ಲೋ ತಾಗಿ ಗಡಗಡ ಅಂತಿದೆ, ಅದನ್ನ ಬೇರೆ ಕೇಳ್ತೀನಿ.