ಪ್ರಶ್ನೋತ್ತರ: ಫೈಬರ್ ಕಡಿದರೂ ಸರ್ವರ್ ದಾರಿ ಬದಲಿಸುವುದಿಲ್ಲ

ಕುಶಾಲನಗರ: ಸರ್, ನಮ್ಮ ಕಾಫಿ ಗೋದಾಮಿನ ಲಿನಕ್ಸ್ ಸರ್ವರಿಗೆ ಎರಡು ಲೈನ್ ಇದೆ. ಕೇಬಲ್‌ನಲ್ಲಿ ಫೈಬರ್ ರೂಟರ್, ವೈಫೈನಲ್ಲಿ 4ಜಿ ರೂಟರ್. ಮಳೆಗೆ ಮರ ಬಿದ್ದು ಫೈಬರ್ ಕಡಿದರೆ ಇಂಟರ್ನೆಟ್ಟೇ ಇಲ್ಲ. 4ಜಿ ಸರಿಯಾಗಿಯೇ ಇದೆ. ಡೀಫಾಲ್ಟ್ ರೂಟ್ (ಹೊರಗೆ ಹೋಗುವ ದಾರಿ) ಎರಡು ಕಾಣುತ್ತದೆ, ಮೆಟ್ರಿಕ್ (ದಾರಿಯ ಆದ್ಯತೆಯ ಅಂಕಿ) ಕೇಬಲ್‌ಗೆ 100, ವೈಫೈಗೆ 600.

ಇಂಜಿನಿಯರ್: ಫೈಬರ್ ರೂಟರಿಗೆ ಪಿಂಗ್ (ಉತ್ತರ ಬರುತ್ತದಾ ಎಂದು ನೋಡುವ ಪರೀಕ್ಷೆ) ಹೋಗುತ್ತದಾ?

ಕುಶಾಲನಗರ: ಹೋಗುತ್ತದೆ ಸರ್.

ಸೋಮವಾರಪೇಟೆ: ನನಗೆ ಬಂದ ಫಾರ್ವರ್ಡ್ ಹಾಕ್ತೀನಿ. ‘ಐಪಿ ರೂಟ್ ಫ್ಲಶ್’ (ರೂಟ್ ಟೇಬಲ್ ಅಳಿಸುವ ಕಮಾಂಡ್) ಮಾಡಿ ನೆಟ್‌ವರ್ಕ್ ರೀಸ್ಟಾರ್ಟ್ ಮಾಡಿದರೆ ಎಲ್ಲಾ ಸರಿಹೋಗುತ್ತದೆ.

ಇಂಜಿನಿಯರ್: ದಯವಿಟ್ಟು ಯಾರೂ ಮಾಡಬೇಡಿ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ ಸರ್ವರಿಗೆ ಲಾಗಿನ್ ಆಗಿ) ಕೂತು ಮುಖ್ಯ ಟೇಬಲ್ ಫ್ಲಶ್ ಮಾಡಿದರೆ ನಿಮ್ಮ ಸಂಪರ್ಕವೇ ಹೋಗುತ್ತದೆ. ರೀಸ್ಟಾರ್ಟ್ ಕಮಾಂಡ್ ಟೈಪ್ ಮಾಡಲೂ ಆಗುವುದಿಲ್ಲ.

ಕುಶಾಲನಗರದವರೇ, ಮೆಟ್ರಿಕ್ ಕಡಿಮೆ ಇರುವ ದಾರಿಯನ್ನೇ ಕರ್ನಲ್ (ಲಿನಕ್ಸಿನ ತಿರುಳು) ಹಿಡಿಯುತ್ತದೆ. ಸರ್ವರಿನಿಂದ ರೂಟರಿಗೆ ಹೋಗುವ ಕೇಬಲ್ ಕಿತ್ತರೆ ಮಾತ್ರ ಆ ದಾರಿ ತಾನಾಗಿ ಹೋಗುತ್ತದೆ. ನಿಮ್ಮಲ್ಲಿ ಕಡಿದಿರುವುದು ರೂಟರಿನ ಆಚೆ. ಮಡಿಕೇರಿ ಬಸ್ ನಿಲ್ದಾಣ ತೆರೆದಿದೆ ಅಂದರೆ ಭಾಗಮಂಡಲದ ರಸ್ತೆಗೆ ನೀರು ಬಂದಿಲ್ಲ ಅಂತಲ್ಲ. ಸರ್ವರಿಗೆ ಕಾಣುವುದು ಬಸ್ ನಿಲ್ದಾಣ ಅಷ್ಟೇ.

ಮೊದಲು ‘ಐಪಿ ರೂಟ್ ಗೆಟ್ 8.8.8.8’ (ಗೂಗಲ್ ಸರ್ವರಿನ ವಿಳಾಸ) ಕೊಟ್ಟು ಡೇಟಾ ಪ್ಯಾಕೆಟ್ ಯಾವ ಕಡೆ ಹೋಗುತ್ತದೆ ನೋಡಿ. ಆಮೇಲೆ ‘ಪಿಂಗ್ -ಐ’ (ದೊಡ್ಡಕ್ಷರದ I) ಜೊತೆ ವೈಫೈ ಇಂಟರ್‌ಫೇಸ್ ಹೆಸರು ಕೊಟ್ಟು 4ಜಿ ಮೂಲಕ ಪಿಂಗ್ ಮಾಡಿ. ಇಲ್ಲೊಂದು ತೊಡಕಿದೆ. ಆರ್‌ಪಿ ಫಿಲ್ಟರ್ ಅಂದರೆ ಪ್ಯಾಕೆಟ್ ಸರಿಯಾದ ದಾರಿಯಿಂದ ಬಂತಾ ಎಂದು ನೋಡುವ ಕರ್ನಲ್ ಸೆಟ್ಟಿಂಗ್. ಅದು 1 ಇದ್ದರೆ ವೈಫೈನಲ್ಲಿ ಬಂದ ಉತ್ತರವನ್ನು ಕರ್ನಲ್ ಎಸೆಯುತ್ತದೆ, ಯಾಕೆಂದರೆ ಅದರ ಲೆಕ್ಕದಲ್ಲಿ ಅದು ಕೇಬಲ್‌ನಲ್ಲಿ ಬರಬೇಕಿತ್ತು. 4ಜಿಯೇ ಸತ್ತಿದೆ ಅಂದುಕೊಂಡುಬಿಡುತ್ತೀರಿ. ವೈಫೈ ಇಂಟರ್‌ಫೇಸಿಗೆ ಅದನ್ನು 2 (ಸಡಿಲ) ಮಾಡಿ. ನಿಮ್ಮ 100, 600 ನೋಡಿದರೆ ನೆಟ್‌ವರ್ಕ್‌ಮ್ಯಾನೇಜರ್ (ಲೈನುಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಇರಬೇಕು. ಇಂಟರ್ನೆಟ್ ಸಿಗುತ್ತಿದೆಯಾ ಎಂದು ನೋಡುವ ಅದರ ಕನೆಕ್ಟಿವಿಟಿ ಚೆಕ್ ಆನ್ ಮಾಡಿ. ಇಂಟರ್ನೆಟ್ ಸಿಗದ ಲೈನಿನ ಮೆಟ್ರಿಕ್‌ಗೆ ಅದು 20000 ಸೇರಿಸುತ್ತದೆ, ಆಗ 4ಜಿ ಮುಂದೆ ಬರುತ್ತದೆ. ಒಂದು ಚೆಕ್‌ನಿಂದ ಇನ್ನೊಂದಕ್ಕೆ ಡೀಫಾಲ್ಟ್ ಅಂತರ 300 ಸೆಕೆಂಡ್, ನಿಮಗೆ 60 ಸಾಕು.

ವಿರಾಜಪೇಟೆ: ‘ಐಪಿ ರೂಟ್ ಆಡ್’ ಮಾಡಿ ಸೇರಿಸಿದ ರೂಟ್ ರೀಬೂಟ್ ಆದರೆ ಹೋಗುತ್ತದೆ, ಯಾಕೆ?

ಇಂಜಿನಿಯರ್: ಅದು ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಬರೆಯಿರಿ.

 

ಮಡಿಕೇರಿ: ಸರ್ವರಿಗೆ ನೆಟ್‌ವರ್ಕ್‌ಮ್ಯಾನೇಜರ್ ಯಾರಾದರೂ ಹಾಕ್ತಾರಾ? ಅದು ಲ್ಯಾಪ್‌ಟಾಪಿಗೆ. ಉಬುಂಟು ಲಿನಕ್ಸ್ ಸರ್ವರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗಿಗೆ ನೆಟ್‌ಪ್ಲಾನ್ ಇದೆ.

ಸೋಮವಾರಪೇಟೆ: ರೆಡ್‌ಹ್ಯಾಟ್ ಲಿನಕ್ಸ್ ಸರ್ವರಿನಲ್ಲಿ ನೆಟ್‌ವರ್ಕ್‌ಮ್ಯಾನೇಜರೇ ಡೀಫಾಲ್ಟ್. ಗೊತ್ತಿಲ್ಲದೆ ಮಾತಾಡಬೇಡಿ.

ಮಡಿಕೇರಿ: ಫ್ಲಶ್ ಮಾಡಿ ಅಂದವರು ನನಗೆ ಪಾಠ ಹೇಳಬೇಡಿ.

ಸೋಮವಾರಪೇಟೆ: ಅದು ಫಾರ್ವರ್ಡ್ ಅಂತ ಹೇಳಿದ್ದೆ ಅಲ್ವಾ?

ಗೋಣಿಕೊಪ್ಪ: ನಾನು ಹಾಕಿದ ರೂಟ್ ರೀಬೂಟ್ ಆದರೆ ಹೋಗುತ್ತದೆ ಸರ್.

ಇಂಜಿನಿಯರ್: ಮೇಲೆ ಓದಿ.

ಗೋಣಿಕೊಪ್ಪ: ಉಬುಂಟು ಸರ್, ನೆಟ್‌ಪ್ಲಾನ್ ಫೈಲಿನಲ್ಲಿ ಡೀಫಾಲ್ಟ್ ರೂಟಿಗೆ ‘ಗೇಟ್‌ವೇ4’ ಹಾಕಿದರೆ ವಾರ್ನಿಂಗ್ ಬರುತ್ತದೆ.

ಇಂಜಿನಿಯರ್: ಅದು ಹಳೆಯದು. ‘ರೂಟ್ಸ್’ ಕೆಳಗೆ ‘ಡೀಫಾಲ್ಟ್’ ಅಂತ ಬರೆಯಿರಿ. ‘ನೆಟ್‌ಪ್ಲಾನ್ ಟ್ರೈ’ ಕೊಡಿ, 120 ಸೆಕೆಂಡಿನಲ್ಲಿ ನೀವು ಒಪ್ಪದಿದ್ದರೆ ಹಳೆಯದಕ್ಕೆ ಮರಳುತ್ತದೆ. ಯಾವುದು ಒಳ್ಳೆಯದು ಎಂಬ ಜಗಳ ಇಬ್ಬರೂ ನಿಲ್ಲಿಸಿ. ಆ ಸರ್ವರಿನಲ್ಲಿ ಏನಿದೆಯೋ ಅದನ್ನೇ ಸರಿಮಾಡಬೇಕು.

ಕುಶಾಲನಗರ: ಆರ್‌ಪಿ ಫಿಲ್ಟರ್ 1 ಇತ್ತು ಸರ್, 2 ಮಾಡಿದೆ. ಚೆಕ್ ಆನ್ ಮಾಡಿ ರೂಟರಿನ ಹಿಂದಿನ ಫೈಬರ್ ಎಳೆದೆ. ಈಗ ಕೇಬಲ್ ಮೆಟ್ರಿಕ್ 20100, 4ಜಿಯಲ್ಲಿ ಹೋಗುತ್ತಿದೆ.

ಇಂಜಿನಿಯರ್: ಒಳ್ಳೆಯದಾಯಿತು. ದಾರಿ ಬದಲಾದಾಗ ತೆರೆದಿದ್ದ ಸಂಪರ್ಕಗಳು ಕಡಿಯುತ್ತವೆ, ಬಿಲ್ಲಿಂಗ್‌ನವರಿಗೆ ಮತ್ತೆ ಲಾಗಿನ್ ಆಗಲು ಹೇಳಿಡಿ. ಫೈಬರ್ ವಾಪಸ್ ಹಾಕಿ ಮೆಟ್ರಿಕ್ 100ಕ್ಕೆ ಬರುತ್ತದಾ ಅದನ್ನೂ ಇವತ್ತೇ ನೋಡಿ.