ಅಲ್ಮಾರಿಯೊಳಗಿನ ಏಪ್ರನ್: ಕಲಬುರಗಿಯ ಸೋದರಿಗೆ ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ‘ಮದುವೆಯಾಗಿ ಇಪ್ಪತ್ತೊಂದು ವರ್ಷ. ನನ್ನ ಗಂಡ ಮೂರು ವರ್ಷದ ಹಿಂದೆ ಹೈದರಾಬಾದಿನಲ್ಲಿ ಫ್ರೀಮೇಸನ್ ಎಂಬ ಗಂಡಸರ ಸಂಘದ ಲಾಡ್ಜಿಗೆ, ಅಂದರೆ ಶಾಖೆಗೆ, ಸೇರಿದ್ದಾರೆ. ತಿಂಗಳಿಗೊಮ್ಮೆ ಕರಿ ಸೂಟು, ಬಿಳಿ ಕೈಗವಸು ಚೀಲಕ್ಕೆ ಹಾಕಿಕೊಂಡು ರೈಲು ಹತ್ತುತ್ತಾರೆ, ಮರುದಿನ ಬರುತ್ತಾರೆ. ಅಲ್ಲೇನು ಮಾಡ್ತೀರಿ ಎಂದರೆ “ಹೇಳುವಂಗಿಲ್ಲ” ಎನ್ನುತ್ತಾರೆ. ಮೊನ್ನೆ ಅಲ್ಮಾರಿಯಲ್ಲಿ ಬಿಳಿ ಚರ್ಮದ ಏಪ್ರನ್ ಸಿಕ್ಕಿತು. ನಾದಿನಿ ವಾಟ್ಸಾಪ್‌ನಲ್ಲಿ, ಇದು ಸೈತಾನನ ಪೂಜೆ ಎನ್ನುವ ವಿಡಿಯೋ ಕಳಿಸಿದ್ದಾಳೆ. ಮಗಳಿಗೆ ವರ ನೋಡುತ್ತಿದ್ದೇವೆ. ಬೀಗರ ಕಿವಿಗೆ ಬಿದ್ದರೆ ಏನು ಗತಿ? ಅವರು ನನಗೆ ಎಷ್ಟು ಹೇಳಬಹುದು, ನಾನು ಎಷ್ಟು ಕೇಳಬಹುದು?’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಹದಿನೇಳು ವರ್ಷದಿಂದ ಸದಸ್ಯ, ನಿವೃತ್ತ ಎಂಜಿನಿಯರ್, ಬೀದರ್

ಸೋದರಿ, ನಾನೂ ಮೇಸನ್. ಇದನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹೆಸರು ಹಾಕಬೇಡಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ, ಏಕೆಂದರೆ ನನ್ನ ಹೆಸರು ಕಂಡ ಕೂಡಲೇ ನನ್ನ ಜೊತೆ ಹೈದರಾಬಾದಿಗೆ ಹೋಗುವವರು ಯಾರ‍್ಯಾರು ಎಂದು ಊರು ಲೆಕ್ಕ ಹಾಕುತ್ತದೆ. ಇನ್ನೊಬ್ಬರ ಸದಸ್ಯತ್ವವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ನಿಮ್ಮ ಯಜಮಾನರು ನಿಜಕ್ಕೂ ಮುಚ್ಚಿಡಬೇಕಾದ ಸಂಗತಿಗಳಲ್ಲಿ ಇದೊಂದು. ಒಬ್ಬ ಮೇಸನ್ ಇನ್ನೊಬ್ಬನನ್ನು ಗುರುತು ಹಿಡಿಯುವ ಸಂಜ್ಞೆ, ಕೈಹಿಡಿತ, ಪದಗಳು ಇನ್ನೊಂದು. ಸಭೆಯೊಳಗೆ ನಂಬಿಕೆಯಿಂದ ಆಡಿದ ಮಾತು ಮತ್ತೊಂದು. ಗುಟ್ಟು ಅಂತ ಇರುವುದು ಇಷ್ಟೇ. ಸಭೆ ಯಾವತ್ತು, ಎಲ್ಲಿ, ಊಟಕ್ಕೆಷ್ಟು ಕೊಟ್ಟರು, ವರ್ಷದ ಚಂದಾ ಎಷ್ಟು, ಯಾರಿಗೆ ದಾನ ಹೋಯಿತು, ಅಲ್ಲಿ ಏನು ಕಲಿಸುತ್ತಾರೆ ಎಂಬುದೆಲ್ಲ ಹೆಂಡತಿಗೆ ಹೇಳಬಹುದಾದ ಮಾತೇ. ‘ಹೇಳುವಂಗಿಲ್ಲ’ ಎಂದು ಒಂದೇ ಮಾತಲ್ಲಿ ಬಾಗಿಲು ಹಾಕುವವರು ನಿಯಮ ಪಾಲಿಸುತ್ತಿಲ್ಲ, ಹೇಳಿದರೆ ಹೇಗೋ ಏನೋ ಎಂದು ಅಂಜುತ್ತಿದ್ದಾರೆ. ನಾನೂ ಮೊದಲ ಎರಡು ವರ್ಷ ಹಾಗೇ ಅಂಜಿದೆ. ಅದು ನನ್ನ ತಪ್ಪು.

ಏನು ಕಲಿಸುತ್ತಾರೆ ಅಂದರೆ, ಕಲ್ಲುಕುಟಿಗರ ಉಪಕರಣಗಳನ್ನು ಮುಂದಿಟ್ಟು ನಡತೆಯ ಪಾಠ ಹೇಳುತ್ತಾರೆ. ಹೊಸಬನಿಗೆ ಮೊದಲು ತೋರಿಸುವುದು ಇಪ್ಪತ್ನಾಲ್ಕು ಇಂಚಿನ ಅಳತೆಪಟ್ಟಿ, ಸುತ್ತಿಗೆ, ಉಳಿ. ಪಟ್ಟಿಯ ಇಪ್ಪತ್ನಾಲ್ಕು ಇಂಚು ದಿನದ ಇಪ್ಪತ್ನಾಲ್ಕು ತಾಸು. ಅದರಲ್ಲಿ ಪ್ರಾರ್ಥನೆಗೊಂದು ಪಾಲು, ದುಡಿಮೆಗೊಂದು ಪಾಲು, ಕಷ್ಟದಲ್ಲಿರುವವನಿಗೆ ಒಂದು ಪಾಲು. ಅದೂ ತನಗೂ ತನ್ನವರಿಗೂ ತೊಂದರೆಯಾಗದಷ್ಟು ಮಾತ್ರ. ಸುತ್ತಿಗೆ ಎಂದರೆ ಅಂತಃಸಾಕ್ಷಿ, ಉಳಿ ಎಂದರೆ ವಿದ್ಯೆ. ಒರಟು ಕಲ್ಲಾಗಿ ಬಂದವನು ತನ್ನನ್ನು ತಾನೇ ಕೆತ್ತಿಕೊಂಡು ಗೋಡೆಗೆ ಕೂರುವಂಥ ಕಲ್ಲಾಗಬೇಕು. ಮೂರು ಮೆಟ್ಟಿಲು: ಹೊಸ ಶಿಷ್ಯ, ಜೊತೆ ಕೆಲಸಗಾರ, ಕೊನೆಗೆ ಮಾಸ್ಟರ್ ಮೇಸನ್. ಭ್ರಾತೃಪ್ರೇಮ, ನೆರವು, ಸತ್ಯ, ಈ ಮೂರನ್ನೇ ಮತ್ತೆ ಮತ್ತೆ ಹೇಳುತ್ತಾರೆ.

ದೀಕ್ಷೆಯ ರಾತ್ರಿಯ ಒಂದು ಸಂಗತಿ ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿದೆ, ಹಾಗಾಗಿ ಬರೆಯುತ್ತೇನೆ. ಒಳಗೆ ಬಿಡುವ ಮುಂಚೆ ಮೈಮೇಲಿನ ಉಂಗುರ, ಗಡಿಯಾರ, ಜೇಬಿನ ದುಡ್ಡು, ಎಲ್ಲ ತೆಗೆಸುತ್ತಾರೆ. ಆಮೇಲೆ ಎಲ್ಲರ ಎದುರಿಗೆ ‘ಬಡವರಿಗಾಗಿ ಏನಾದರೂ ಕೊಡಿ’ ಎನ್ನುತ್ತಾರೆ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಏನೂ ಇರಲಿಲ್ಲ. ಮೂವತ್ತು ವರ್ಷ ಸರ್ಕಾರಿ ನೌಕರಿಯಲ್ಲಿ ಬಿಲ್ಲುಗಳಿಗೆ ಸಹಿ ಹಾಕಿದ ಕೈ ಅದು. ಕೊಡಬೇಕೆನ್ನುವಾಗ ಕೊಡಲು ಇಲ್ಲದವನ ಮುಖ ಹೇಗಿರುತ್ತದೆ ಎಂದು ಅವತ್ತು ತಿಳಿಯಿತು.

ದೇವರನ್ನು ನಂಬದವನಿಗೆ ನಮ್ಮಲ್ಲಿ ಪ್ರವೇಶವಿಲ್ಲ. ಯಾವ ದೇವರು ಎಂದು ಕೇಳುವುದಿಲ್ಲ, ಬ್ರಹ್ಮಾಂಡದ ಮಹಾಶಿಲ್ಪಿ ಎಂದು ಕರೆಯುತ್ತೇವೆ. ಪೀಠದ ಮೇಲೆ ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್ ಇರುತ್ತವೆ. ಅವರವರು ಅವರವರ ಗ್ರಂಥದ ಮೇಲೆ ಪ್ರತಿಜ್ಞೆ ಮಾಡುತ್ತಾರೆ. ಒಳಗೆ ಮತ-ಧರ್ಮದ ವಾದವಿಲ್ಲ, ರಾಜಕಾರಣವಂತೂ ಇಲ್ಲವೇ ಇಲ್ಲ.

ಪ್ರತಿಜ್ಞೆಗೆ ಮುಂಚೆ ‘ಇದರಲ್ಲಿ ನಿಮ್ಮ ನಾಗರಿಕ, ನೈತಿಕ, ಧಾರ್ಮಿಕ ಕರ್ತವ್ಯಗಳಿಗೆ ಅಡ್ಡಿಯಾಗುವಂಥದ್ದು ಏನೂ ಇಲ್ಲ’ ಎಂದು ಭರವಸೆ ಕೊಟ್ಟೇ ಮುಂದುವರಿಯುತ್ತಾರೆ. ಮೇಸನರಿಯಿಂದ ಒಬ್ಬನ ಸಂಸಾರಕ್ಕೆ, ಅವನ ಸಮಯ ಇಲ್ಲವೇ ಹಣ ತಿಂದು, ಹಾನಿಯಾಗಬಾರದು ಎಂದು ಇಂಗ್ಲೆಂಡಿನ ಲಾಡ್ಜುಗಳ ಮೇಲಿನ ಸಂಸ್ಥೆಯಾದ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ತಾನೇ ಬಹಿರಂಗವಾಗಿ ಹೇಳಿದೆ. ಈ ಎರಡು ಮಾತು ಯಜಮಾನರಿಗೆ ನೆನಪಿಸಿ. ಅಲ್ಲಗಳೆಯುವಂತಿಲ್ಲ.

ನಾನು ಕೊನೆಗೆ ಮಾಡಿದ್ದು ಇಷ್ಟು. ಒಂದು ರಾತ್ರಿ ಊಟವಾದ ಮೇಲೆ ಏಪ್ರನ್ ತಂದು ಮೇಜಿನ ಮೇಲೆ ಹಾಸಿದೆ. ಕುರಿಮರಿ ಚರ್ಮ, ಮೆತ್ತಗೆ. ಮನೆಯವಳು ಬೆರಳಲ್ಲಿ ಸವರಿ ನೋಡಿ, ‘ಇದನ್ನ ತೊಳೆಯೋದು ಹ್ಯಾಂಗ?’ ಅಂದಳು. ಎರಡು ವರ್ಷದ ಮುನಿಸು ಆ ಪ್ರಶ್ನೆಯಲ್ಲಿ ಕರಗಿತು.

ಗೌಂಡಿಯ ಮಗಳು, ಪ್ರಾಥಮಿಕ ಶಾಲೆ ಶಿಕ್ಷಕಿ, ಶಹಾಬಾದ್

ಅಕ್ಕಾ, ನಮ್ಮಪ್ಪ ಗೌಂಡಿ. ಶಹಾಬಾದ್ ಕಲ್ಲಿನಾಗೇ ಅವರ ಆಯುಷ್ಯ ಹೋತು. ನಿಮ್ಮ ಪತ್ರ ಓದಿದ ಮ್ಯಾಲ ಈ ಫ್ರೀಮೇಸನ್ ಅಂದ್ರೇನು ಅಂತ ಹುಡುಕಿ ಓದಿದೆ. ಅವರ ಗುರುತಿನಾಗ ಇರೋದು ಮೂಲೆಮಟ್ಟ ಮತ್ತು ಕೈವಾರ. ಒಳಗ ರಸಮಟ್ಟ, ತೂಗುಗುಂಡು. ಓದ್ತಾ ಓದ್ತಾ ನನಗ ನಮ್ಮಪ್ಪನ ಚೀಲ ಕಣ್ಣ ಮುಂದ ಬಂತು. ಮೂಲೆಮಟ್ಟ ಅಂದ್ರ ನಡತಿ ನೇರ ಇರಬೇಕು, ರಸಮಟ್ಟ ಅಂದ್ರ ಎಲ್ಲಾರೂ ಸಮ, ತೂಗುಗುಂಡು ಅಂದ್ರ ನೆಟ್ಟಗ ನಿಲ್ಲಬೇಕು. ನಮ್ಮಪ್ಪ ಸಾಲಿ ಕಲಿತವರಲ್ಲ. ಆದ್ರ ಗ್ವಾಡಿ ಕಟ್ಟೋವಾಗ ‘ಗುಂಡು ಸುಳ್ಳ ಹೇಳಂಗಿಲ್ಲ, ನೀ ಹೇಳಬ್ಯಾಡ’ ಅಂತ ನನಗ ಹೇಳಿದ್ದು ಇದೇ ಪಾಠ.

ಗುಟ್ಟಿನ ಮಾತು ಕೇಳ್ರಿ. ನಮ್ಮ ಕಡಿ ಕಲ್ಲು ಪದರು ಪದರು ಇರ್ತದ. ಎಲ್ಲಿ ಉಳಿ ಇಟ್ಟರ ಅಖಂಡ ಪರಸಿ ಎದ್ದು ಬರ್ತದ, ಎಲ್ಲಿ ಇಟ್ಟರ ಒಡೀತದ ಅನ್ನೋದನ್ನ ಅಪ್ಪ ಕಂಡಕಂಡವರಿಗೆ ಹೇಳ್ತಿರಲಿಲ್ಲ. ನಾಲ್ಕು ವರ್ಷ ಜೊತಿಗೆ ದುಡಿದ ಹುಡುಗರಿಗೆ ಅಷ್ಟೇ ತೋರಸ್ತಿದ್ರು. ಹಳೇ ಕಾಲದಾಗ ಯುರೋಪಿನ ಕಲ್ಲುಕೆಲಸದವರೂ ಹಂಗೇ ಇದ್ರಂತ. ಚರ್ಚು ಕಟ್ಟೋ ಜಾಗದ ಮಗ್ಗಲಾಗ ಒಂದು ಗುಡಿಸಲಾ ಹಾಕ್ಕೊಂಡು ಅಲ್ಲೇ ಕೆಲಸ, ಅಲ್ಲೇ ಊಟ. ಅದಕ್ಕ ‘ಲಾಡ್ಜ್’ ಅಂತಿದ್ರು. ನಮ್ಮೂರಾಗ ಲಾಡ್ಜ್ ಅಂದ್ರ ಬಸ್‌ಸ್ಟ್ಯಾಂಡ್ ಮುಂದಿನ ಬಾಡಿಗಿ ಖೋಲಿ. ಓಣ್ಯಾಗ ಹೆಣ್ಣಮಕ್ಕಳು ಆ ಶಬ್ದ ಹಿಡಕೊಂಡು ಏನೇನು ಅಂದಿರ್ತಾರ ಅಂತ ನಾ ಊಹಿಸಬಲ್ಲೆ. ಅದು ನಿಮ್ಮ ಮನಸ್ಸಿಗೆ ಹತ್ತಿದ್ದರ, ಇನ್ನಾರ ಬಿಟ್ಟುಬಿಡ್ರಿ.

ಇತಿಹಾಸ ಉಪನ್ಯಾಸಕ, ಕಲಬುರಗಿ

ನಾದಿನಿಯವರ ವಿಡಿಯೋ ಬಗ್ಗೆ ಮಾತ್ರ ಬರೆಯುತ್ತೇನೆ. ಆ ಸೈತಾನ ಪೂಜೆಯ ಕಥೆಗೆ ಜೀವ ತುಂಬಿದವನು ಫ್ರಾನ್ಸಿನ ಲಿಯೋ ಟ್ಯಾಕ್ಸಿಲ್ ಎಂಬ ಬರಹಗಾರ. ಮೇಸನರು ಸೈತಾನನನ್ನು ಆರಾಧಿಸುತ್ತಾರೆ ಎಂದು ವರ್ಷಗಟ್ಟಲೆ ಪುಸ್ತಕ ಬರೆದು ಮಾರಿದ. ಕೊನೆಗೆ 1897ರ ಏಪ್ರಿಲ್ 19ರಂದು ಪ್ಯಾರಿಸಿನಲ್ಲಿ ಸಭೆ ಕರೆದು, ಎಲ್ಲವೂ ತಾನೇ ಕಟ್ಟಿದ ಸುಳ್ಳು ಎಂದು ಒಪ್ಪಿಕೊಂಡ. ಬರೆದವನೇ ಕೈಬಿಟ್ಟ ಸುಳ್ಳು ಇವತ್ತು ನಮ್ಮ ಫೋನುಗಳಲ್ಲಿ ಓಡಾಡುತ್ತಿದೆ. ಮಗಳ ಸಂಬಂಧ ಕೂಡಿಬರುವ ಹೊತ್ತಿನಲ್ಲಿ ಇಂಥದ್ದನ್ನು ನಾದಿನಿಯವರು ಇನ್ನಾರಿಗೂ ಕಳಿಸದಂತೆ ಇವತ್ತೇ ಮಾತಾಡಿ.

ಕ್ಯಾಥೊಲಿಕ್ ಚರ್ಚಿನ ವಿರೋಧ ಬೇರೆ ವಿಷಯ. ಅದು 1738ರಲ್ಲಿ ಪೋಪ್ 12ನೇ ಕ್ಲೆಮೆಂಟರಿಂದ ಶುರುವಾಯಿತು. ಗುಟ್ಟಿನ ಪ್ರತಿಜ್ಞೆಯೂ ಎಲ್ಲ ಮತದವರನ್ನು ಒಂದೇ ಸಾಲಿನಲ್ಲಿ ಕೂರಿಸುವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. 1983ರಲ್ಲೂ ಅದನ್ನು ಮತ್ತೆ ಖಚಿತಪಡಿಸಿದ್ದಾರೆ. ಅದು ನಂಬಿಕೆಯ ಪ್ರಶ್ನೆ, ಗೌರವಿಸೋಣ.

ವಿಧಿಗಳ ಗುಟ್ಟಿನ ಬಗ್ಗೆ ಕೂಡ ಹೆದರಿಕೆ ಬೇಡ. ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಹುಟ್ಟಿದ್ದು 1717ರಲ್ಲಿ. ಹದಿಮೂರೇ ವರ್ಷಕ್ಕೆ, 1730ರಲ್ಲಿ, ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಮೂರೂ ಮೆಟ್ಟಿಲಿನ ಪ್ರಶ್ನೋತ್ತರಗಳನ್ನು ಅಚ್ಚು ಹಾಕಿಸಿ ಮಾರಿದ್ದ. ಅದೇ ವರ್ಷ ಕಲ್ಕತ್ತದಲ್ಲಿ ಭಾರತದ ಮೊದಲ ಲಾಡ್ಜ್ ಶುರುವಾಯಿತು. ಮಾತು ತಪ್ಪಿದರೆ ಕತ್ತು ಕೊಯ್ಯುತ್ತೇವೆ ಎಂಬಂಥ ಹಳೆಯ ಭಯಂಕರ ಮಾತುಗಳು ಪ್ರತಿಜ್ಞೆಯಲ್ಲಿ ಇದ್ದದ್ದು ನಿಜ, ಅವು ಸಾಂಕೇತಿಕ. ಇಂಗ್ಲೆಂಡಿನವರು 1986ರಲ್ಲಿ ಅವನ್ನು ಪ್ರತಿಜ್ಞೆಯಿಂದಲೇ ಹೊರಗಿಟ್ಟರು. ಭಾರತದ್ದೇ ಆದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು 1961ರ ನವೆಂಬರ್ 24ರಂದು, ದೆಹಲಿಯಲ್ಲಿ.

ಬೀಗರು ಕೇಳಿದರೆ ಹೇಳಲು ಒಂದು ಮಾತು: ಸ್ವಾಮಿ ವಿವೇಕಾನಂದರು ಸಂನ್ಯಾಸಿಯಾಗುವ ಮುಂಚೆ, 1884ರಲ್ಲಿ, ನರೇಂದ್ರನಾಥ ದತ್ತ ಆಗಿದ್ದಾಗಲೇ ಕಲ್ಕತ್ತದ ಒಂದು ಲಾಡ್ಜಿನಲ್ಲಿ ದೀಕ್ಷೆ ಪಡೆದಿದ್ದರು. ಹೈದರಾಬಾದಿನ ಗೋಶಾಮಹಲ್ ಬಾರಾದರಿ ನಿಜಾಮರ ಕಾಲದಿಂದ ಮೇಸನರ ಸಭಾಭವನ. ಆಗ ನಮ್ಮ ಕಲಬುರಗಿಯೂ ಅದೇ ಸಂಸ್ಥಾನದಲ್ಲಿತ್ತು. ಇಂಥ ಭವನಗಳನ್ನು ನಮ್ಮ ಜನ ‘ಜಾದೂಘರ್’ ಎಂದು ಕರೆಯುತ್ತಿದ್ದರು. ಬಾಗಿಲು ಮುಚ್ಚಿದ ಕಡೆ ಏನು ನಡೆಯುತ್ತದೆಂದು ಊಹಿಸುವ ಚಾಳಿ ಹೊಸದಲ್ಲ.

ಓದುಗಿ, ಸುರಪುರ, ಯಾದಗಿರಿ ಜಿಲ್ಲೆ

ನನಗೆ ಇಷ್ಟು ಸಲೀಸಾಗಿ ಒಪ್ಪಲು ಆಗುತ್ತಿಲ್ಲ. ನನ್ನ ಅತ್ತೆಯ ಮನೆಯ ಹಿರಿಯರೊಬ್ಬರು ಇಂಥದ್ದೇ ಒಂದು ಗೌಪ್ಯದ ಕೂಟಕ್ಕೆ ಸೇರಿದ್ದರು, ಅದು ಮೇಸನರದ್ದಲ್ಲ. ಪ್ರತಿಜ್ಞೆಯ ನೆಪದಲ್ಲಿ ಅವರು ಮನೆಗೆ ಲೆಕ್ಕ ಕೊಡುವುದನ್ನೇ ಬಿಟ್ಟರು. ಹೊಲದ ಮೇಲೆ ಸಾಲ ಎತ್ತಿದ್ದು ತಿಳಿದಾಗ ಬಡ್ಡಿ ಅಸಲನ್ನೂ ಮೀರಿತ್ತು. ಕೆಟ್ಟ ಕೂಟವೋ ಒಳ್ಳೆ ಕೂಟವೋ, ನಷ್ಟ ಆದದ್ದು ನಮಗೆ.

ಆದ್ದರಿಂದ ಅಕ್ಕಾ, ಅವರ ಕೈಹಿಡಿತ, ಸಂಜ್ಞೆ ಅವರೇ ಇಟ್ಟುಕೊಳ್ಳಲಿ. ನೀವು ಎಷ್ಟು ದುಡ್ಡು, ಎಷ್ಟು ರಾತ್ರಿ, ಯಾರ ಜೊತೆ ಎಂದು ಕೇಳಿ. ‘ಯಾರ ಜೊತೆ’ ಎನ್ನುವುದಕ್ಕೆ ಎಲ್ಲರ ಹೆಸರು ಬೇಡ, ತುರ್ತಿಗೆ ಒಬ್ಬರ ನಂಬರ್ ಸಾಕು. ಬೀದರಿನ ಹಿರಿಯರು ಹೇಳಿದ ಅಳತೆಪಟ್ಟಿ ಇದೆಯಲ್ಲ, ಅದರಲ್ಲಿ ನಿಮಗೆಷ್ಟು ಇಂಚು ಎಂದೂ ಕೇಳಿ.

ಹೆಂಗಸರಿಗೆ ಅಲ್ಲಿ ಪ್ರವೇಶವೇ ಇಲ್ಲ ಎನ್ನುವುದೂ ನನ್ನನ್ನು ಚುಚ್ಚುತ್ತದೆ. ಹೆಣ್ಣು ಗಂಡು ಇಬ್ಬರೂ ಸೇರುವ ಬೇರೊಂದು ಮೇಸನರಿ ಫ್ರಾನ್ಸಿನಲ್ಲಿ 1893ರಲ್ಲೇ ಶುರುವಾಯಿತು. ಅದಕ್ಕೆ ಸೇರಿ ಭಾರತಕ್ಕೂ ತಂದವರು ನಮಗೆಲ್ಲ ಗೊತ್ತಿರುವ ಅನಿ ಬೆಸೆಂಟ್. ಆದರೆ ನಿಮ್ಮ ಯಜಮಾನರು ಸೇರಿರುವ ಪರಂಪರೆ ಅದನ್ನು ಮಾನ್ಯ ಮಾಡುವುದಿಲ್ಲ. ಮಾಡಬೇಕಿತ್ತು ಎಂದು ನನ್ನ ಅನಿಸಿಕೆ.

ಬಿದರಿ ಕಸುಬುದಾರ, ಬೀದರ್

ನಾವು ಸತು ತಾಮ್ರ ಕಲಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಲ್ಲಿ ಅದ್ದುತ್ತೇವೆ. ತಗಡು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ಯಾವ ಮಣ್ಣು ನಡೆಯುತ್ತದೆ ಎಂದು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತೇವೆ. ಇದನ್ನೆಲ್ಲ ಕ್ಯಾಮೆರಾ ಮುಂದೆ ನೂರು ಸಲ ಹೇಳಿದ್ದೇನೆ. ಆದರೂ ಆ ರುಚಿ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಎಷ್ಟೋ ಗುಟ್ಟು ಹೇಳಬಾರದೆಂದಲ್ಲ, ಹೇಳಿದರೂ ಹೋಗಿ ಮುಟ್ಟುವುದಿಲ್ಲ. ನಿಮ್ಮ ಯಜಮಾನರಿಗೂ ಮಾತು ಸಿಗದೇ ಹೋಗಿರಬಹುದು. ಬೈಯುವ ಮುಂಚೆ ಅದನ್ನೂ ಒಮ್ಮೆ ಯೋಚಿಸಿ ತಾಯಿ.

ಹೆಸರು ಬೇಡ, ಕಲಬುರಗಿ

ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಅವರು ಮೇಸನ್ ಆಗಿದ್ದರು ಎಂದು ನನಗೆ ಗೊತ್ತಾದದ್ದು ಮೂರನೇ ದಿನ. ಬಿಳಿ ಅಂಗಿಯ ನಾಲ್ಕು ಜನ ಹೈದರಾಬಾದಿನಿಂದ ರೈಲಿನಲ್ಲಿ ಬಂದಿದ್ದರು. ಒಬ್ಬರು ಮುಸಲ್ಮಾನರು, ಒಬ್ಬರು ಸರ್ದಾರ್‌ಜಿ, ಇನ್ನಿಬ್ಬರ ಮಾತು ತೆಲುಗು. ‘ನಮ್ಮ ಅಣ್ಣ’ ಎಂದರು. ಇವರಿಗೆ ಇಂಥ ತಮ್ಮಂದಿರು ಎಲ್ಲಿಂದ ಬಂದರು ಎಂದು ನನಗೆ ದಿಗಿಲು. ಸಾಲ ಕೇಳಲು ಬಂದವರೇನೋ ಅಂದುಕೊಂಡೆ. ಅವರು ಕೇಳಿದ್ದು ಮಗಳು ಯಾವ ವರ್ಷ ಓದುತ್ತಿದ್ದಾಳೆ ಎಂದು. ಉಳಿದ ಎರಡು ವರ್ಷದ ಫೀಸು ಅವರೇ ಕಟ್ಟಿದರು. ಅವಳು ಈಗ ಕೆಲಸದಲ್ಲಿದ್ದಾಳೆ.

ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದು ಇಷ್ಟು ಒಳ್ಳೆಯ ಸಂಗತಿಯನ್ನು ನನ್ನಿಂದ ಮುಚ್ಚಿಟ್ಟರಲ್ಲ ಎಂಬ ಸಂಕಟ ಮಾತ್ರ ಇವತ್ತಿಗೂ ಹೋಗಿಲ್ಲ. ನಿಮ್ಮ ಯಜಮಾನರಿಗೆ ನನ್ನ ಈ ಪತ್ರ ಓದಿ ಹೇಳಿ. ಅವರ ಲಾಡ್ಜಿನ ಕಾರ್ಯದರ್ಶಿಯ ಫೋನ್ ನಂಬರ್ ನಿಮ್ಮ ಡೈರಿಯಲ್ಲಿ ಬರೆಸಿಕೊಳ್ಳಿ. ಆ ನಾಲ್ಕು ಜನರನ್ನು ನಾನು ಬಿಸಿಲಲ್ಲಿ, ಹೊಸ್ತಿಲ ಆಚೆಗೇ, ಅರ್ಧ ತಾಸು ನಿಲ್ಲಿಸಿದ್ದೆ.