ಮನೆಯಿಂದಲೇ ಟೆಲಿಹೆಲ್ತ್ ನರ್ಸ್ ಕೆಲಸ: ವಾರ್ಡ್ ಬಿಟ್ಟು ಬರಬಹುದಾ?

ಹೇಮಾವತಿ_ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಹಾಸನ, ಈಗ ಇರುವುದು ಡಲ್ಲಾಸ್ ಹತ್ತಿರ. ಹನ್ನೊಂದು ವರ್ಷದಿಂದ ಆರ್‌ಎನ್ (ನೋಂದಾಯಿತ ನರ್ಸ್) ಆಗಿದ್ದೇನೆ, ಅಷ್ಟೂ ವರ್ಷ ಮೆಡ್-ಸರ್ಜ್ ವಾರ್ಡಿನಲ್ಲೇ, ಅಂದರೆ ಸಾಮಾನ್ಯ ಕಾಯಿಲೆ ಮತ್ತು ಆಪರೇಷನ್ ರೋಗಿಗಳ ವಾರ್ಡಿನಲ್ಲಿ. ಹೋದ ವರ್ಷ ರೋಗಿಯೊಬ್ಬರನ್ನು ಮಗ್ಗುಲು ತಿರುಗಿಸುವಾಗ ಸೊಂಟ ಹಿಡಿದುಕೊಂಡಿತು. ಡಿಸ್ಕ್ ಜಾರಿದೆ ಅಂದರು. ಈಗ 12 ಗಂಟೆ ಪಾಳಿ ಮುಗಿಸಿ ಕಾರಿನಿಂದ ಇಳಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ.

ಮನೆಯಿಂದ ಫೋನ್ ಟ್ರಯಾಜ್ ಮಾಡುವ, ಅಂದರೆ ರೋಗಿಯ ತೊಂದರೆ ಫೋನಿನಲ್ಲಿ ಕೇಳಿ ಎಷ್ಟು ತುರ್ತು ಅಂತ ತೀರ್ಮಾನಿಸುವ ಕೆಲಸಕ್ಕೆ ಅರ್ಜಿ ಹಾಕೋಣ ಅಂತಿದ್ದೇನೆ. ಎರಡನೇ ಕ್ಲಾಸಿನ ಮಗ ಇದ್ದಾನೆ, 14 ತಿಂಗಳ ಮಗಳಿದ್ದಾಳೆ. ಅತ್ತೆ ಊರಿನಿಂದ ಆರು ತಿಂಗಳಿಗೆ ಬಂದಿದ್ದಾರೆ. ಮನೆಯಲ್ಲೇ ಇರುತ್ತೇನಲ್ಲ, ಮಗುವನ್ನೂ ನೋಡಿಕೊಂಡು ಕೆಲಸವನ್ನೂ ಮಾಡಬಹುದು ಅನ್ನುವುದು ನನ್ನ ಲೆಕ್ಕ. ಬೇರೆ ರಾಜ್ಯದ ರೋಗಿಗಳು ಕಾಲ್ ಮಾಡಿದರೆ ಲೈಸೆನ್ಸ್ ಕಥೆ ಏನು? ಸಂಬಳ ತುಂಬಾ ಕಮ್ಮಿ ಆಗುತ್ತದಾ? ಇನ್ನೊಂದು ಭಯ, ರೋಗಿಯನ್ನು ಕಣ್ಣಲ್ಲಿ ನೋಡದೆ, ಕೈಯಲ್ಲಿ ಮುಟ್ಟದೆ ಹೇಗೆ ತೀರ್ಮಾನ ಮಾಡುವುದು? ಈ ಕೆಲಸ ನಿಜವಾಗಿ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತೀರ್ಥಹಳ್ಳಿ ಸಿಸ್ಟರ್

ಹೇಮಾವತಿ ಅವರೇ, ನಾನು ಓಹಾಯೋದ ಕೊಲಂಬಸ್‌ನಲ್ಲಿದ್ದೇನೆ. 2021ರಿಂದ ಇದೇ ಕೆಲಸ. ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಬರುವ ಕಾಲ್‌ಗಳು ನಮ್ಮ ಪಾಲು. ಸಂಜೆ 5ರಿಂದ ರಾತ್ರಿ 1ರವರೆಗೆ.

ಮೊದಲು ಮಗುವಿನ ವಿಷಯ. ಆ ಲೆಕ್ಕ ಈಗಲೇ ಬಿಟ್ಟುಬಿಡಿ. ಪಾಳಿಯ ಹೊತ್ತಿನಲ್ಲಿ ಮಗುವನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಅಂತ ನನ್ನ ಹತ್ತಿರ ಸಹಿ ಹಾಕಿಸಿಕೊಂಡೇ ಕೆಲಸ ಕೊಟ್ಟರು. ಬಾಗಿಲು ಇರುವ ಕೋಣೆ ಬೇಕು, ಒಳಗಿನಿಂದ ಚಿಲಕ ಇರಬೇಕು, ಸ್ಕ್ರೀನ್ ಕಿಟಕಿ ಕಡೆ ತಿರುಗಿರಬಾರದು, ಅಲೆಕ್ಸಾ ತರಹದ್ದು ಕೋಣೆಯಲ್ಲಿ ಇರಲೇಬಾರದು. ರೋಗಿಯ ಮಾತು ಗಂಡನ ಕಿವಿಗೂ ಬೀಳುವಂತಿಲ್ಲ. ರೋಗಿಯ ಮಾಹಿತಿ ಗುಟ್ಟಾಗಿಡಬೇಕು ಅನ್ನುವ ಹಿಪಾ ಕಾನೂನು ನಮ್ಮ ಮಲಗುವ ಕೋಣೆಯವರೆಗೂ ಬರುತ್ತದೆ ಅಂತ ನಮ್ಮೆಜಮಾನರು ನಗುತ್ತಾರೆ. ಮಗಳು ಬಾಗಿಲ ಆಚೆ 'ಅಮ್ಮಾ' ಅಂತ ಅಳುವುದು ಹೆಡ್‌ಸೆಟ್ ಹಾಕಿಕೊಂಡರೂ ಕೇಳುತ್ತದೆ. ಎದ್ದು ಹೋಗುವಂತಿಲ್ಲ. ಆಸ್ಪತ್ರೆಗೆ ಹೋದಾಗ ಕನಿಷ್ಠ ಆ ಅಳು ಕೇಳುತ್ತಿರಲಿಲ್ಲ, ಅಲ್ವಾ?

ಲೈಸೆನ್ಸ್ ವಿಷಯದಲ್ಲಿ ನೀವು ಅದೃಷ್ಟವಂತರು. ಟೆಕ್ಸಸ್ 2000ದಿಂದಲೂ ನರ್ಸ್ ಲೈಸೆನ್ಸರ್ ಕಾಂಪ್ಯಾಕ್ಟ್‌ನಲ್ಲಿದೆ. ಇದು ರಾಜ್ಯಗಳ ನಡುವಿನ ಒಪ್ಪಂದ, ಒಂದು ಮಲ್ಟಿಸ್ಟೇಟ್ ಲೈಸೆನ್ಸ್ ಇದ್ದರೆ ಒಪ್ಪಂದದ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. ನಿಮ್ಮದು ಮಲ್ಟಿಸ್ಟೇಟ್ ಲೈಸೆನ್ಸಾ ಅಂತ ನರ್ಸಿಸ್ ಜಾಲತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ಓಹಾಯೋ ಸೇರಿದ್ದು 2023ರ ಜನವರಿಯಲ್ಲಿ. ಅದಕ್ಕೆ ಮೊದಲು ನಾನು ಐದು ರಾಜ್ಯಗಳಿಗೆ ಐದು ಸಲ ಬೆರಳಚ್ಚು ಕೊಟ್ಟು, ಐದು ಕಡೆ ಫೀ ಕಟ್ಟಿದ್ದೆ. ಒಂದು ಮಾತು ನೆನಪಿರಲಿ. ಲೆಕ್ಕಕ್ಕೆ ಬರುವುದು ರೋಗಿ ಆ ಹೊತ್ತಿಗೆ ಎಲ್ಲಿದ್ದಾರೆ ಅನ್ನುವುದು, ನೀವೆಲ್ಲಿ ಕೂತಿದ್ದೀರಿ ಅನ್ನುವುದಷ್ಟೇ ಅಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಎರಡೂ ಕಾಂಪ್ಯಾಕ್ಟ್‌ನಲ್ಲಿ ಇಲ್ಲ. ನಮ್ಮ ರೋಗಿಯೇ ಆಗಿದ್ದರೂ ರಜೆಗೆ ನ್ಯೂಯಾರ್ಕಿಗೆ ಹೋಗಿ ಅಲ್ಲಿಂದ ಕಾಲ್ ಮಾಡಿದರೆ, ಅಲ್ಲಿನ ಲೈಸೆನ್ಸ್ ಇರುವ ಸಹೋದ್ಯೋಗಿಗೆ ದಾಟಿಸುತ್ತೇನೆ.

ಹಾಗಾಗಿ ನಮ್ಮ ಮೊದಲ ಪ್ರಶ್ನೆ 'ಏನಾಗಿದೆ' ಅಲ್ಲ, 'ಈಗ ಎಲ್ಲಿದ್ದೀರಿ'. ಅದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಾನು ನನ್ನ ಮನೆಯಿಂದ 911 ಒತ್ತಿದರೆ ಅದು ಕೊಲಂಬಸ್‌ಗೆ ಹೋಗುತ್ತದೆ, ಕೆಂಟಕಿಯಲ್ಲಿ ಕುಸಿದು ಬಿದ್ದವರ ಊರಿಗಲ್ಲ. ಅವರ ಊರಿನ ತುರ್ತು ಕೇಂದ್ರದ ಹತ್ತಂಕಿ ನಂಬರು ಬೇರೆ ಇರುತ್ತದೆ. ಆ ಪಟ್ಟಿ ನಮ್ಮ ಟೀಮಿನ ಹತ್ತಿರ ಸದಾ ತೆರೆದಿರುತ್ತದೆ. ನಾನು ರೋಗಿಯ ಲೈನಿನಲ್ಲೇ ಇರುತ್ತೇನೆ, ಇನ್ನೊಬ್ಬ ನರ್ಸ್ ಅಲ್ಲಿಗೆ ಫೋನ್ ಮಾಡುತ್ತಾಳೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಶ್ಮಿಟ್-ಥಾಂಪ್ಸನ್ ಪ್ರೊಟೊಕಾಲ್ ಅಂತ ಇದೆ, ಹೆಚ್ಚಿನ ಕಡೆ ಅದೇ. ಜ್ವರ, ವಾಂತಿ, ತಲೆಗೆ ಪೆಟ್ಟು, ಹೀಗೆ ಒಂದೊಂದಕ್ಕೂ ಪ್ರಶ್ನೆಗಳ ಸಾಲು. ಅತಿ ಕೆಟ್ಟದ್ದನ್ನು ಮೊದಲು ಕೇಳಿ, ಇಲ್ಲ ಅಂದರೆ ಒಂದು ಮೆಟ್ಟಿಲು ಕೆಳಗೆ ಇಳಿಯುವುದು. ಕೊನೆಗೆ ಈಗಲೇ 911, ಎಮರ್ಜೆನ್ಸಿಗೆ ಹೋಗಿ, ನಾಳೆ ಕ್ಲಿನಿಕ್ಕಿಗೆ ಬನ್ನಿ, ಮನೆಯಲ್ಲೇ ನೋಡಿಕೊಳ್ಳಿ, ಇವುಗಳಲ್ಲಿ ಒಂದಕ್ಕೆ ಬಂದು ನಿಲ್ಲಬೇಕು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂತು ಅಂದರೆ, ಕೂಸು ಎಷ್ಟೇ ಚೆನ್ನಾಗಿ ನಗುತ್ತಿರಲಿ, ಕೂಡಲೇ ಡಾಕ್ಟರ್ ನೋಡಲೇಬೇಕು. ಅಲ್ಲಿ ಚೌಕಾಸಿ ಇಲ್ಲ.

ಆದರೆ ಪ್ರೊಟೊಕಾಲ್ ಕಿವಿಯ ಕೆಲಸ ಮಾಡುವುದಿಲ್ಲ. ಅದನ್ನು ನೀವೇ ಕಲಿಯಬೇಕು. ತಾಯಿ 'ಉಸಿರು ಜೋರಾಗಿದೆ' ಅಂದರೆ ಸಾಲದು. ಮಗುವಿನ ಅಂಗಿ ಮೇಲೆತ್ತಿ, ಎದೆ ಏರಿದಾಗಲೆಲ್ಲ 'ಈಗ' ಅನ್ನಿ ಅನ್ನುತ್ತೇನೆ. ಆಕೆ ಈಗ, ಈಗ, ಈಗ ಅನ್ನುತ್ತಾ ಹೋಗುತ್ತಾಳೆ, ನಾನು ಇಲ್ಲಿ ಗಡಿಯಾರ ನೋಡಿ ಎಣಿಸುತ್ತೇನೆ. ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಎಳೆಯುತ್ತಿದೆಯಾ ನೋಡಲು ಹೇಳುತ್ತೇನೆ. ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿಸುತ್ತೇನೆ. ಮಕ್ಕಳ ಗಂಟಲು ಊದುವ ಕ್ರೂಪ್ ಕಾಯಿಲೆಯ ಬೊಗಳುವ ಕೆಮ್ಮು ಒಂದು ಸಲ ಕೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಒಂದು ಕಾಲ್ ಬಗ್ಗೆ ಹೇಳಲೇಬೇಕು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. 2022ರ ಚಳಿಗಾಲ. ಮಗನ ಮನೆಯಲ್ಲಿರುವ ಒಬ್ಬ ಅಜ್ಜಿ. ಮಗ ಸೊಸೆ ಇಬ್ಬರೂ ಹೊರಗೆ, ಮೊಮ್ಮಕ್ಕಳು ಮಲಗಿವೆ. ಇಂಗ್ಲಿಷ್ ಬಾರದು ಅಂತ ಕನ್ನಡ ದುಭಾಷಿಯನ್ನು ಲೈನಿಗೆ ತಂದೆವು. ಆತ ಇಂಗ್ಲಿಷಿನಲ್ಲಿ ಹೇಳಿದ, 'ಅವರಿಗೆ ತುಂಬಾ ದುಃಖ ಆಗುತ್ತಿದೆಯಂತೆ.' ನಾನು ಮನಸ್ಸಿನ ಆರೋಗ್ಯದ ಪ್ರೊಟೊಕಾಲ್ ತೆರೆಯುತ್ತಿದ್ದೆ. ಆಗ ಹಿಂದಿನಿಂದ ಅಜ್ಜಿಯ ದನಿ ಕೇಳಿತು: 'ಸಂಕಟ ಆಗ್ತೈತೆ, ಕೂರಕ್ಕಾಗಲ್ಲ, ನಿಲ್ಲಕ್ಕಾಗಲ್ಲ.'

ಸಂಕಟ! ನಮ್ಮ ಕಡೆ ಹೊಟ್ಟೆ ತೊಳೆಸಿದರೂ ಸಂಕಟ, ಎದೆ ಹಿಂಡಿದರೂ ಸಂಕಟ. ಬಾಯಿ ತಡೆಯಲಿಲ್ಲ. 'ಅಮ್ಮಾ, ಸಂಕಟ ಎಲ್ಲಿ? ಹೊಟ್ಟೇಲಾ, ಎದೇಲಾ?' ಅಂತ ಕೇಳಿಬಿಟ್ಟೆ. ಒಂದು ಕ್ಷಣ ಸದ್ದಿಲ್ಲ. 'ಅಯ್ಯೋ, ಕನ್ನಡದೋಳಾ ನೀನು? ಎದೆ ಮ್ಯಾಲೆ ಒಳ್ಕಲ್ಲು ಮಡಗಿದಂಗೈತೆ ಕಣವ್ವ. ಸೀರೆಯೆಲ್ಲ ಬೆವರಲ್ಲಿ ನೆಂದೋಗದೆ.' ಪಕ್ಕದ ಚಾಟಿನಲ್ಲಿ ಸಹೋದ್ಯೋಗಿಗೆ ಬರೆದೆ, ಆಕೆ ಆ ಊರಿನ ತುರ್ತು ಕೇಂದ್ರಕ್ಕೆ ಫೋನ್ ಮಾಡಿದಳು. ನಾನು ಅಜ್ಜಿಗೆ ಮುಂಬಾಗಿಲ ಚಿಲಕ ತೆಗೆದು ಕುರ್ಚಿಯಲ್ಲಿ ಕೂರಲು ಹೇಳಿದೆ. ನಿಮ್ಮೂರು ಯಾವುದು, ಈ ವರ್ಷ ಮಳೆ ಹೇಗೆ ಅಂತ ಮಾತಾಡಿಸುತ್ತಲೇ ಇದ್ದೆ. ಬಾಗಿಲು ತೆರೆದ ಸದ್ದು, ಬೂಟಿನ ಸದ್ದು. ಲೈನ್ ಕಟ್ಟಾಯಿತು.

ಆಮೇಲೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಕೆಲಸದಲ್ಲಿ ನನಗೆ ಅತಿ ಕಷ್ಟ ಅನ್ನಿಸುವುದು ಇದೇ. ವಾರ್ಡಿನಲ್ಲಾದರೆ ಮರುದಿನ ಹಾಸಿಗೆ ಹತ್ತಿರ ಹೋಗಿ ನೋಡುತ್ತಿದ್ದೆ. ಇಲ್ಲಿ ಒಂದು ಕಥೆ ಮುಗಿಯುವ ಮೊದಲೇ ಮುಂದಿನ ಕಾಲ್ ಬಂದಿರುತ್ತದೆ. ಅಂದ ಹಾಗೆ, ಭಾಷಾ ಪರೀಕ್ಷೆ ಪಾಸಾಗದೆ ರೋಗಿಯ ಜೊತೆ ನೇರವಾಗಿ ಬೇರೆ ಭಾಷೆಯಲ್ಲಿ ಮಾತಾಡುವಂತಿಲ್ಲ ಅಂತ ಮರುದಿನ ಮ್ಯಾನೇಜರ್‌ನಿಂದ ಮೇಲ್ ಬಂತು. ನಿಯಮದ ಪ್ರಕಾರ ಅವರದ್ದು ಸರಿ. ಕನ್ನಡ ಪರೀಕ್ಷೆ ಬರೆದೆ. ನಲವತ್ತು ದಾಟಿದ ಮೇಲೆ ಕನ್ನಡದಲ್ಲಿ ಪರೀಕ್ಷೆ!

ಸಂಬಳ ನನಗೆ ಗಂಟೆಗೆ 6 ಡಾಲರ್ ಕಡಿಮೆಯಾಯಿತು. ಪೆಟ್ರೋಲು, ಪಾರ್ಕಿಂಗ್ ಉಳಿದು ಸ್ವಲ್ಪ ಸರಿಹೋಯಿತು. ಇನ್ನು ಸೊಂಟ. ಎತ್ತುವ ಕೆಲಸ ಇಲ್ಲ ನಿಜ, ಆದರೆ ಎಂಟು ಗಂಟೆ ಕೂತೇ ಇರಬೇಕು. ಎರಡು ಕಾಲ್ ನಡುವೆ ಎಷ್ಟು ನಿಮಿಷ ಸುಮ್ನೆ ಇದ್ದೆ ಅಂತ ಸಿಸ್ಟಂ ಎಣಿಸುತ್ತಿರುತ್ತದೆ. ಎತ್ತರ ಏರಿಸುವ ಮೇಜು ತಗೊಳ್ಳಿ, ನಿಂತು ಮಾತಾಡಬಹುದು. ಕುರ್ಚಿಗೆ ಜಿಪುಣತನ ಮಾಡಿ ಮೊದಲ ವರ್ಷ ನಾನೂ ಫಿಸಿಯೋಥೆರಪಿಗೆ ಅಲೆದೆ.

ಕೇಬಲ್ ರಾಜ

ನಾನು ನರ್ಸ್ ಅಲ್ಲ, ನರ್ಸಿನ ಗಂಡ. ಮನೆಯ ನೆಟ್‌ವರ್ಕ್ ಖಾತೆ ನನ್ನದು. ವೈಫೈ ನಂಬಬೇಡಿ, ರೂಟರಿನಿಂದ ಕೋಣೆಗೆ ತಂತಿ ಎಳೆಸಿ. ನನ್ನ ಹೆಂಡತಿಯ ಕೆಲಸದ ಕಡೆಯವರು ವೈಫೈಗೆ ಒಪ್ಪುವುದೇ ಇಲ್ಲ. ರೂಟರಿಗೂ ಮೋಡೆಮಿಗೂ ಒಂದು ಯುಪಿಎಸ್ ಇರಲಿ. ಟೆಕ್ಸಸ್‌ನಲ್ಲಿ 2021ರ ಫೆಬ್ರುವರಿಯಲ್ಲಿ ಕರೆಂಟ್ ಹೋಗಿದ್ದು ನೆನಪಿದೆಯಲ್ಲ? ಅಷ್ಟು ದಿನ ಯಾವ ಯುಪಿಎಸ್ಸೂ ಬರುವುದಿಲ್ಲ, ಆದರೆ ಕಾಲ್ ಮಧ್ಯೆ ಹತ್ತು ನಿಮಿಷ ಸಿಕ್ಕರೂ ಇನ್ನೊಬ್ಬರಿಗೆ ದಾಟಿಸಬಹುದು.

ಸಿಎಚ್‌ಓ_ಹನೂರು

ಅಕ್ಕ, ನಿಮ್ಮ ಅಜ್ಜಿಯ ಕಥೆ ಓದಿ ಮೈ ಜುಮ್ ಅಂತು. ನಾನು ಚಾಮರಾಜನಗರ ಜಿಲ್ಲೆಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಬಿಎಸ್ಸಿ ನರ್ಸಿಂಗ್ ಮಾಡಿದ್ದೇನೆ. ನಮ್ಮದು ಉಲ್ಟಾ. ಡಾಕ್ಟರ್ ಸರ್ಕಾರದ ಆನ್‌ಲೈನ್ ವೈದ್ಯ ಸೇವೆ ಇ-ಸಂಜೀವಿನಿಯ ಸ್ಕ್ರೀನಿನ ಆ ಕಡೆ, ನಾನು ರೋಗಿಯ ಪಕ್ಕದಲ್ಲಿ, ಉಪಕೇಂದ್ರದ ಬೆಂಚಿನ ಮೇಲೆ. ಬಿಪಿ ನೋಡುವುದು, ಸಕ್ಕರೆ ನೋಡುವುದು, ಹೊಟ್ಟೆ ಒತ್ತಿ ಎಲ್ಲಿ ನೋವು ಅಂತ ಡಾಕ್ಟರಿಗೆ ಹೇಳುವುದು ನನ್ನ ಕೆಲಸ. ನಿಮ್ಮ ಹತ್ತಿರ ಇಲ್ಲದ ಕೈ ಮತ್ತು ಕಣ್ಣು ಇಲ್ಲಿ ನಾನು. ನೆಟ್ ಇದ್ದರೆ ಮಾತ್ರ! ಮಳೆ ಬಂದರೆ ಡಾಕ್ಟರ ಮುಖ ಚೌಕ ಚೌಕವಾಗಿ ನಿಂತುಬಿಡುತ್ತದೆ, ಆಗ ಫೋನೇ ಗತಿ.

2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ನಮ್ಮಲ್ಲಿ ಔಷಧಿ ಬರೆಯುವುದು ನೋಂದಾಯಿತ ವೈದ್ಯರೇ. ನಾವು ರೋಗಿಗೂ ಡಾಕ್ಟರಿಗೂ ನಡುವೆ ನೆರವಾಗುವವರು. ಒಂದು ಆಸೆಯ ಪ್ರಶ್ನೆ: ಇಲ್ಲೇ ಕೂತು ಅಮೆರಿಕದ ಆ ಕೆಲಸ ಮಾಡಲು ಆಗುತ್ತದಾ? ನಿಮ್ಮ ರಾತ್ರಿ ನಮಗೆ ಹಗಲು.

ತೀರ್ಥಹಳ್ಳಿ ಸಿಸ್ಟರ್

ತಂಗಿ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಎನ್‌ಕ್ಲೆಕ್ಸ್ ಅನ್ನುವ ನರ್ಸ್ ಲೈಸೆನ್ಸ್ ಪರೀಕ್ಷೆ ಪಾಸಾಗಿ ಅಮೆರಿಕದ ರಾಜ್ಯವೊಂದರ ಲೈಸೆನ್ಸ್ ಬೇಕೇ ಬೇಕು. ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ನಾನು ಕಂಡ ಟ್ರಯಾಜ್ ಕೆಲಸಗಳಲ್ಲೆಲ್ಲ ಅಮೆರಿಕದ ಒಳಗೇ ಕೂತು ಮಾಡಬೇಕು ಅನ್ನುವ ಷರತ್ತಿತ್ತು. ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತಗೊಂಡು ಹೋಗಲೂ ನನಗೆ ಬಿಡುವುದಿಲ್ಲ. ಅಮೆರಿಕದ ನರ್ಸ್ ಕೆಲಸ ಮನೆಯಿಂದಲೇ ಕೊಡಿಸುತ್ತೇವೆ ಅಂತ ಮೊದಲೇ ದುಡ್ಡು ಕೇಳುವವರ ಹತ್ತಿರ ಮಾತ್ರ ಹೋಗಬೇಡ.

ಮತ್ತೆ ಹೊಟ್ಟೆ ಒತ್ತಿ ನೋಡುವ ನಿನ್ನ ಕೆಲಸದ ಮೇಲೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚು.

ಹೇಮಾವತಿ_ಟೆಕ್ಸಸ್

ಎಲ್ಲರಿಗೂ ಥ್ಯಾಂಕ್ಸ್. ನರ್ಸಿಸ್‌ನಲ್ಲಿ ನೋಡಿದೆ, ನನ್ನದು ಮಲ್ಟಿಸ್ಟೇಟ್ ಅಂತಲೇ ಇದೆ. ಮಗಳನ್ನು ಡೇಕೇರಿಗೆ ಸೇರಿಸಲು ಹೆಸರು ಬರೆಸಿ ಬಂದೆ. ಅತ್ತೆ ಇರುವವರೆಗೆ ಸಂಜೆ ಪಾಳಿ ನಡೆಯುತ್ತದೆ, ಆಮೇಲೆ ಹಗಲಿಗೆ ಬದಲಾಯಿಸಿಕೊಳ್ಳಬೇಕು. ಮಂಗಳವಾರ ಇಂಟರ್‌ವ್ಯೂ ಇದೆ. ಮನೆಯ ಸದ್ದಿನ ಬಗ್ಗೆ ಕೇಳುತ್ತಾರಂತೆ. ಕೋಣೆ ಅಡುಗೆಮನೆಗೆ ಅಂಟಿಕೊಂಡಿದೆ, ಅತ್ತೆಗೆ ಕುಕ್ಕರ್ ಇಲ್ಲದೆ ಅಡುಗೆಯೇ ಇಲ್ಲ. ಏನು ಮಾಡಲಿ?

ತೀರ್ಥಹಳ್ಳಿ ಸಿಸ್ಟರ್

ನನಗೂ ಆಗಿದೆ. ಎದೆನೋವಿನ ಬಗ್ಗೆ ಕೇಳುತ್ತಿದ್ದಾಗ ನಮ್ಮ ಮನೆಯ ಕುಕ್ಕರ್ ಕೂಗಿ, ರೋಗಿಯೇ ಗಾಬರಿಯಾಗಿ 'ನೀವು ಹುಷಾರಾಗಿದ್ದೀರಾ?' ಅಂತ ಕೇಳಿದ್ದರು. ಸುತ್ತಲಿನ ಸದ್ದು ತಡೆಯುವ ಮೈಕಿನ ಹೆಡ್‌ಸೆಟ್ ಸಿಗುತ್ತದೆ, ಆದರೆ ಕುಕ್ಕರಿನ ಮುಂದೆ ಅದೂ ಸೋಲುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್ ಸುತ್ತಿ ಇಡಿ. ಅತ್ತೆಯವರಿಗೆ ಕುಕ್ಕರ್ ಬೇಡ ಅನ್ನಬೇಡಿ, ಐದು ಗಂಟೆಯೊಳಗೆ ಮೂರು ವಿಷಲ್ ಮುಗಿಸಿಬಿಡಿ ಅನ್ನಿ.